ಕತ್ತಿ ಹಿಡಿದವರು, ಗಾಡಿ ಹೊಡೆದವರು
(ಸೈನ್ಯದ ಸೇವೆ ಮತ್ತು ಸಮಾಜ ಕೊಡುವ ಬೆಲೆ: ನಮ್ಮ ಸೀಮೆಯ ಇತಿಹಾಸದಿಂದ ಕೆಲವು ಪುಟಗಳು)

ಚರಿತ್ರೆಯ ಪುಸ್ತಕ ತೆರೆದರೆ ಮೊದಲು ಕಾಣುವುದು ಯುದ್ಧ. ಯುದ್ಧದ ಪುಟದಲ್ಲಿ ಮೊದಲು ಕಾಣುವುದು ಕತ್ತಿ, ಕುದುರೆ, ಫಿರಂಗಿ. ಆ ಫಿರಂಗಿಯನ್ನು ಅಷ್ಟು ದೂರ ಎಳೆದು ತಂದ ಎತ್ತು ಯಾವುದು, ಎತ್ತನ್ನು ಹೊಡೆದವನು ಯಾರು, ಸಿಪಾಯಿಗೆ ಅಂದಿನ ರೊಟ್ಟಿ ಯಾರ ಕೈಯಿಂದ ಬಂತು, ಗಾಯಗೊಂಡವನನ್ನು ಡೋಲಿಯಲ್ಲಿ ಹೊತ್ತವರು ಯಾರು ಎಂಬ ಪ್ರಶ್ನೆಗಳಿಗೆ ಪಠ್ಯಪುಸ್ತಕದಲ್ಲಿ ಉತ್ತರ ಸಿಗುವುದಿಲ್ಲ. ಸೈನ್ಯವೆಂದರೆ ಹೊಡೆದಾಡುವವರು ಮಾತ್ರ ಎಂಬ ಭಾವನೆ ನಮ್ಮ ಮನಸ್ಸಿನಲ್ಲಿ ಬೇರೂರಿದೆ.

ಈ ಭಾವನೆ ಪುಸ್ತಕಕ್ಕೆ ಸೀಮಿತವಾಗಿದ್ದರೆ ಚಿಂತೆ ಇರಲಿಲ್ಲ. ಆದರೆ ಯಾರಿಗೆ ಜಹಗೀರು, ಯಾರಿಗೆ ಪದಕ, ಯಾರಿಗೆ ಮತದಾನದ ಹಕ್ಕು, ಯಾರ ಪ್ರತಿಮೆ ವೃತ್ತದಲ್ಲಿ ನಿಲ್ಲಬೇಕು, ಯಾವ ಸಮುದಾಯ ದೇಶಕ್ಕೆ ಎಷ್ಟು ಕೊಟ್ಟಿದೆ ಎಂಬ ರಾಜಕೀಯ ಲೆಕ್ಕಗಳೆಲ್ಲ ಇದೇ ಭಾವನೆಯ ಮೇಲೆ ನಿಂತಿವೆ. ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ನೋಡುವುದು ಅಗತ್ಯ. ಅದಕ್ಕೆ ದೂರ ಹೋಗಬೇಕಾಗಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ನಮ್ಮ ಈ ಸೀಮೆಯೇ ಅದಕ್ಕೆ ಒಳ್ಳೆಯ ಪಾಠಶಾಲೆ.

ಬೆಣ್ಣೆ ಚಾವಡಿಯಿಂದ ಅಮೃತಮಹಲ್‌ಗೆ

ಮೈಸೂರು ಅರಸರ ಕಾಲದಲ್ಲಿ ಅರಮನೆಗೆ ಹಾಲು, ಬೆಣ್ಣೆ ಒದಗಿಸಲು ರಾಸುಗಳನ್ನು ಸಾಕುತ್ತಿದ್ದರು. ಚಿಕ್ಕದೇವರಾಜ ಒಡೆಯರ (1673–1704) ಕಾಲದಲ್ಲಿ ಈ ಇಲಾಖೆಗೆ 'ಬೆಣ್ಣೆ ಚಾವಡಿ' ಎಂಬ ಹೆಸರಿತ್ತು. ರಾಜ್ಯದ ಬೇರೆ ಬೇರೆ ಕಡೆ ರಾಸುಗಳ ಮೇವಿಗೆಂದೇ ಕಾವಲುಗಳನ್ನು ಕಾದಿರಿಸಲಾಗಿತ್ತು. ಈ ತಳಿಯ ಎತ್ತುಗಳು ವೇಗದಲ್ಲಿ, ಸಹನೆಯಲ್ಲಿ ಬೇರೆ ಎತ್ತುಗಳಿಗಿಂತ ಮೇಲು ಎಂಬುದನ್ನು ಕಂಡುಕೊಂಡು ಅವನ್ನು ಯುದ್ಧಕ್ಕೆ ದೊಡ್ಡ ಪ್ರಮಾಣದಲ್ಲಿ ಬಳಸಿದವನು ಹೈದರ್ ಅಲಿ. ಇಲಾಖೆಗೆ 'ಅಮೃತಮಹಲ್' ಎಂದು ಹೆಸರಿಟ್ಟು, ರಾಸುಗಳ ಸಾಕಣೆಗೆ ಹುಕುಂನಾಮೆ ಹೊರಡಿಸಿ, ಕಟ್ಟುನಿಟ್ಟಿನ ವ್ಯವಸ್ಥೆ ಮಾಡಿದವನು ಟಿಪ್ಪು ಸುಲ್ತಾನ್.

ಇದರ ಫಲವೇನು? ಹೈದರ್ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ 100 ಮೈಲಿ ನಡೆದದ್ದು, ಸೋತಾಗಲೂ ಶತ್ರುವಿನ ಕಣ್ಣೆದುರೇ ತನ್ನ ಫಿರಂಗಿಗಳನ್ನು ಬಿಡಿಸಿಕೊಂಡು ಹೋದದ್ದು, 1783ರಲ್ಲಿ ಬಿದನೂರನ್ನು ಮರಳಿ ಪಡೆಯಲು ಟಿಪ್ಪು ಒಂದೇ ತಿಂಗಳಲ್ಲಿ ಪರ್ಯಾಯ ದ್ವೀಪವನ್ನು ದಾಟಿದ್ದು, ಜನರಲ್ ಮೆಡೋಸನ ಎದುರು ಎರಡು ದಿನದಲ್ಲಿ 63 ಮೈಲಿ ಸಾಗಿದ್ದು ಈ ಎತ್ತುಗಳ ಬಲದಿಂದ ಎಂದು ಬ್ರಿಟಿಷರೇ ತಮ್ಮ ಗೆಜೆಟಿಯರಿನಲ್ಲಿ ದಾಖಲಿಸಿದರು. ಸೋತ ಸೈನ್ಯದ ಫಿರಂಗಿ ಶತ್ರುವಿನ ಕೈಸೇರದಿದ್ದರೆ ಆ ಸೈನ್ಯ ಇನ್ನೊಂದು ದಿನ ಯುದ್ಧ ಮಾಡಬಲ್ಲದು. ಆ ಇನ್ನೊಂದು ದಿನವನ್ನು ಸುಲ್ತಾನರಿಗೆ ಗಳಿಸಿಕೊಟ್ಟವರು ದನ ಕಾಯುವವರು, ಕರು ಪಳಗಿಸುವವರು, ಲಾಳ ಕಟ್ಟುವ ನಾಲಬಂದರು, ಗಾಡಿ ಹೊಡೆಯುವವರು. ಇಂದು ಸುಲ್ತಾನರ ಖಡ್ಗ ಯಾವ ಹರಾಜಿನಲ್ಲಿ ಎಷ್ಟಕ್ಕೆ ಹೋಯಿತೆಂಬುದು ಮಕ್ಕಳಿಗೂ ಗೊತ್ತು. ಅಮೃತಮಹಲ್ ಎಂದರೆ ಏನೆಂದು ಕೇಳಿದರೆ ಎಷ್ಟು ಮಂದಿ ಹೇಳಬಲ್ಲರು?

1791: ಯುದ್ಧವನ್ನು ತೀರ್ಮಾನಿಸಿದ್ದು ಯಾರು?

ಮೂರನೆಯ ಮೈಸೂರು ಯುದ್ಧದ ಒಂದು ಪ್ರಸಂಗ ನಮ್ಮ ತಾಲ್ಲೂಕುಗಳಿಗೆ ನೇರವಾಗಿ ಸಂಬಂಧಿಸಿದೆ. 1791ರ ಮಾರ್ಚ್‌ನಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರನ್ನು ಹಿಡಿದು, ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಸಮೀಪಕ್ಕೆ ಬಂದ. ಮೇ 15ರಂದು ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಅವನದೇ ಮೇಲುಗೈ. ಇನ್ನೊಂದು ಕಡೆಯಿಂದ ಜನರಲ್ ಅಬರ್‌ಕ್ರಾಂಬಿಯ ಬೊಂಬಾಯಿ ಸೈನ್ಯ ಕೊಡಗನ್ನು ದಾಟಿ ಪಿರಿಯಾಪಟ್ಟಣಕ್ಕೆ ಬಂದು ನಿಂತಿತ್ತು. ಎರಡು ಸೈನ್ಯಗಳು ಕೂಡಿದ್ದರೆ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಬೀಳುವುದು ನಿಶ್ಚಿತವಾಗಿತ್ತು.

ಆದರೆ ಮುತ್ತಿಗೆ ಬೀಳಲಿಲ್ಲ. ಮಳೆ ಹಿಡಿಯಿತು. ಮೇವಿಲ್ಲದೆ, ರೋಗ ಬಡಿದು ಕಾರ್ನ್‌ವಾಲಿಸನ ಎತ್ತುಗಳು ಸಾಲುಸಾಲಾಗಿ ಸತ್ತವು. ಅಕ್ಕಿ ಮುಗಿಯಿತು. ಟಿಪ್ಪುವಿನ ಲಘು ಅಶ್ವಪಡೆ ಎದುರಾಳಿಯ ಸಿಪಾಯಿಗಳಿಗಿಂತ ಹೆಚ್ಚಾಗಿ ಅವರ ಮೇವು, ಸಾಮಾನು, ಎತ್ತುಗಳ ಮೇಲೆ ಬೀಳುತ್ತಿತ್ತು. ಎಲ್ಲಿ ಹೊಡೆದರೆ ಸೈನ್ಯ ಕುಸಿಯುತ್ತದೆ ಎಂಬುದು ಸುಲ್ತಾನನಿಗೆ ಚೆನ್ನಾಗಿ ಗೊತ್ತಿತ್ತು. ಕಾಳಗದಲ್ಲಿ ಗೆದ್ದಿದ್ದ ಗವರ್ನರ್ ಜನರಲ್ ಕೊನೆಗೆ ತನ್ನ ಭಾರಿ ಫಿರಂಗಿಗಳನ್ನು ತಾನೇ ನಾಶ ಮಾಡಿ ಹಿಂದಿರುಗಿದ. ಅಬರ್‌ಕ್ರಾಂಬಿಯೂ ಪಿರಿಯಾಪಟ್ಟಣದಲ್ಲಿ ಮುತ್ತಿಗೆಯ ಫಿರಂಗಿಗಳನ್ನು ಬಿಟ್ಟು ಘಟ್ಟ ಇಳಿದ. ಗೆದ್ದ ಸೈನ್ಯ ಎತ್ತಿಲ್ಲದೆ ಸೋತಂತಾಯಿತು.

ಮರುವರ್ಷ ಕಾರ್ನ್‌ವಾಲಿಸ್ ಆ ತಪ್ಪು ಮಾಡಲಿಲ್ಲ. ದವಸದ ಹೇರು ಹೊತ್ತ ಎತ್ತುಗಳ ಹಿಂಡಿನೊಡನೆ ಊರಿಂದೂರಿಗೆ ಸಾಗುವ ಬಂಜಾರರನ್ನು, ಅಂದರೆ ನಮ್ಮ ಲಂಬಾಣಿಗಳನ್ನು, ದೊಡ್ಡ ಸಂಖ್ಯೆಯಲ್ಲಿ ಒಲಿಸಿಕೊಂಡು 1792ರ ಫೆಬ್ರವರಿಯಲ್ಲಿ ಮರಳಿ ಬಂದ. ಮಾರ್ಚ್‌ನಲ್ಲಿ ಒಪ್ಪಂದವಾಯಿತು. ಸುಲ್ತಾನ್ ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿ ತೆರಲು ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು. ಆ ಮಕ್ಕಳನ್ನು ಕಾರ್ನ್‌ವಾಲಿಸ್ ಸ್ವೀಕರಿಸುವ ದೃಶ್ಯವನ್ನು ಇಂಗ್ಲಿಷ್ ಚಿತ್ರಕಾರರು ಮತ್ತೆ ಮತ್ತೆ ಬರೆದರು. ದವಸ ತಂದ ಲಂಬಾಣಿಯ ಚಿತ್ರಕ್ಕೆ ಅಷ್ಟು ಬೇಡಿಕೆ ಇರಲಿಲ್ಲ. ಮುಂದೆ ರಸ್ತೆ, ರೈಲು ಬಂದು ಅವರ ವ್ಯಾಪಾರ ಕುಸಿದಾಗ, ಎರಡು ಸಾಮ್ರಾಜ್ಯಗಳ ಸೈನ್ಯಕ್ಕೆ ಅನ್ನವಿಟ್ಟ ಆ ಸಮುದಾಯದ ಬಗ್ಗೆ ಆಳುವವರಿಗಿದ್ದದ್ದು ಕೃತಜ್ಞತೆಯಲ್ಲ, ಅನುಮಾನ. ಹಲವು ಪ್ರಾಂತ್ಯಗಳಲ್ಲಿ ಬಂಜಾರ ಗುಂಪುಗಳನ್ನು ಅಪರಾಧಿ ಬುಡಕಟ್ಟುಗಳ ಪಟ್ಟಿಗೆ ಸೇರಿಸಲಾಯಿತು.

ಇದಕ್ಕೆ ಹೋಲಿಸಿ ಇನ್ನೊಂದು ಕಾಳಗವನ್ನು ನೋಡಬಹುದು. 1799ರ ಮಾರ್ಚ್ 6ರಂದು ಪಿರಿಯಾಪಟ್ಟಣಕ್ಕೆ ಹತ್ತಿರವಾದ ಸಿದ್ದೇಶ್ವರದ ಬಳಿ ಟಿಪ್ಪು ಬೊಂಬಾಯಿ ಸೈನ್ಯದ ಮೇಲೆ ಬಿದ್ದ. ಬೆಂಕಿ ನವಾಬನೆಂದು ಹೆಸರಾದ ಮಹಮ್ಮದ್ ರಜಾ ಅಲ್ಲಿ ಮಡಿದ. ಆತನ ಹೆಸರು ಚರಿತ್ರೆಯಲ್ಲಿ ಉಳಿದಿದೆ, ಉಳಿಯಲೂ ಬೇಕು. ಆದರೆ ಅದೇ ಪಿರಿಯಾಪಟ್ಟಣದಲ್ಲಿ ಎಂಟು ವರ್ಷ ಹಿಂದೆ ಒಂದು ಸೈನ್ಯ ಫಿರಂಗಿ ಬಿಟ್ಟು ಹಿಂದಿರುಗುವಂತೆ ಮಾಡಿದವರ ಹೆಸರು ಒಂದೂ ಉಳಿದಿಲ್ಲ.

ಪೂರ್ಣಯ್ಯನವರ ಜಹಗೀರು

ಯುದ್ಧ ಮಾಡದವರಿಗೆ ರಾಜಕೀಯದಲ್ಲಿ ಎಂದೂ ಬೆಲೆ ಸಿಗಲಿಲ್ಲವೆಂದು ಹೇಳಿದರೆ ಅದು ಸತ್ಯವಾಗದು. ಪೂರ್ಣಯ್ಯನವರ ಉದಾಹರಣೆ ಇದೆ. ಹೈದರನ ಕಾಲದಲ್ಲಿ ಲೆಕ್ಕಪತ್ರದ ಕೆಲಸದಿಂದ ಮೇಲೆ ಬಂದ ಪೂರ್ಣಯ್ಯ ಸೈನ್ಯದ ಹಣಕಾಸು, ಸಾಮಗ್ರಿಗಳ ವ್ಯವಸ್ಥೆಯಲ್ಲಿ ನಿಪುಣರು. ಟಿಪ್ಪುವಿನ ಆಳ್ವಿಕೆಯಲ್ಲಿ ಅವರು ಪಡೆಗಳನ್ನು ನಡೆಸಿದ್ದೂ ಉಂಟು. ಆದರೆ 1799ರ ನಂತರ ಅವರನ್ನು ದಿವಾನರನ್ನಾಗಿ ಉಳಿಸಿದ್ದು ಅವರ ಆಡಳಿತ ಸಾಮರ್ಥ್ಯ. ದಂಗೆಯೆದ್ದ ಧೋಂಡಿಯ ವಾಘನ ಬೆನ್ನಟ್ಟಿದಾಗ, 1803ರಲ್ಲಿ ಮರಾಠರ ಮೇಲೆ ಯುದ್ಧಕ್ಕೆ ಹೊರಟಾಗ ಆರ್ಥರ್ ವೆಲ್ಲೆಸ್ಲಿಯ ಸೈನ್ಯಕ್ಕೆ ಮೈಸೂರಿನಿಂದ ದವಸ, ಎತ್ತು ಒದಗಿದ್ದು ಪೂರ್ಣಯ್ಯನವರಿಂದ. 1807ರಲ್ಲಿ ಅವರಿಗೆ ಯಳಂದೂರು ಜಹಗೀರಾಗಿ ಸಿಕ್ಕಿತು. ಮುಂದೆ ವಾಟರ್‌ಲೂ ಗೆದ್ದು ಡ್ಯೂಕ್ ಆಫ್ ವೆಲಿಂಗ್ಟನ್ ಆದ ವೆಲ್ಲೆಸ್ಲಿ 1828ರಲ್ಲಿ ಇಂಗ್ಲೆಂಡಿನ ಪ್ರಧಾನಿಯೂ ಆದ. ಸೈನ್ಯವನ್ನು ಉಣಿಸಿ ನಡೆಸುವುದನ್ನು ಅವನು ಕಲಿತದ್ದು ಬಹುಮಟ್ಟಿಗೆ ಮೈಸೂರಿನ ಎತ್ತುಗಳ ಹಿಂದೆ ನಡೆದು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕಾದಾಟ ಮತ್ತು ಕಾದಾಟವಲ್ಲದ ಸೇವೆ ಎಂಬ ಭೇದದ ಒಳಗೆ ಮೇಲಿನವನು ಮತ್ತು ಕೆಳಗಿನವನು ಎಂಬ ಇನ್ನೊಂದು ಭೇದ ಅಡಗಿದೆ. ಸರಬರಾಜಿನ ಮೇಲಧಿಕಾರಿಗೆ ಜಹಗೀರು ಸಿಗಬಹುದು, ಗಾಡಿ ಹೊಡೆದವನಿಗೆ ಸಿಗದು. ಕುದುರೆ ಏರಿದ ಸಾಮಾನ್ಯ ಸವಾರನಿಗೆ ಸಂಬಳ ಕಡಿಮೆ ಇದ್ದರೂ ಮರ್ಯಾದೆ ಇತ್ತು. ಕುದುರೆಗೆ ಹುಲ್ಲು ತಂದವನಿಗೆ ಎರಡೂ ಇರಲಿಲ್ಲ.

ಕಮಿಸೆರಿಯೆಟ್ ಹುಣಸೂರು

ಟಿಪ್ಪುವಿನ ನಂತರ ಅಮೃತಮಹಲ್ ರಾಸುಗಳು ಮೊದಲು ಅರಸರ ವಶಕ್ಕೆ ಬಂದವು. ತಳಿ ಕೆಡುತ್ತಿದೆಯೆಂದು 1813ರಲ್ಲಿ ಮದ್ರಾಸ್ ಸೈನ್ಯದ ಕಮಿಸೆರಿಯೆಟ್‌ಗೆ ಸೇರಿದ ಕ್ಯಾಪ್ಟನ್ ಹಾರ್ವೆಯ ವಶಕ್ಕೆ ಹೋದವು. ಅದರ ಕೇಂದ್ರವಾದದ್ದು ನಮ್ಮ ಲಕ್ಷ್ಮಣತೀರ್ಥದ ದಡದ ಹುಣಸೂರು. ರಾಸುಗಳ ಜೊತೆಗೆ ಇಲ್ಲಿ ಚರ್ಮ ಹದ ಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ, ಬೂಟು, ಬೆನ್ನಚೀಲ, ತೋಟಾಚೀಲ ತಯಾರಿಕೆ, ಸೈನ್ಯದ ಗಾಡಿಗಳನ್ನು ಕಟ್ಟುವ ಮರದ ಡಿಪೋ ಎಲ್ಲ ತಲೆಯೆತ್ತಿದವು. ಕಾಕನಕೋಟೆಯ ಕಾಡಿನಂತಹ ಮರದ ಸಂಪತ್ತು ಹತ್ತಿರದಲ್ಲೇ ಇತ್ತು. ಮದ್ರಾಸ್ ಸಿಪಾಯಿ ಎಲ್ಲೇ ಕಾದಿದರೂ ಅವನ ಕಾಲಿನ ಬೂಟು, ಹೊದ್ದ ಕಂಬಳಿ ಹುಣಸೂರಿನದಾಗಿರುವ ಸಂಭವವಿತ್ತು. 1842ರಲ್ಲಿ ಆಫ್ಘಾನಿಸ್ತಾನದ ಕಣಿವೆಗಳಿಗೆ ಹೋದ ಅಮೃತಮಹಲ್ ಎತ್ತುಗಳು ಬೇರೆ ರಾಸುಗಳು ಕುಸಿದು ಬಿದ್ದ ಕಡೆಯೂ ನೊಗ ಬಿಡಲಿಲ್ಲವೆಂದು ಅಧಿಕಾರಿಗಳು ಬರೆದಿದ್ದಾರೆ.

ಖರ್ಚು ಕಡಿಮೆ ಮಾಡಬೇಕೆಂದು 1860ರಲ್ಲಿ ಮದ್ರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲ್ಯನ್ ಅಮೃತಮಹಲನ್ನೇ ಒಡೆದು ರಾಸುಗಳನ್ನು ಮಾರಿಸಿದ. ಹುಣಸೂರಿನ ಕಾರ್ಖಾನೆಗಳು 1864ರಲ್ಲಿ ಮುಚ್ಚಿದವು. ಮಾರಿದ ಮೇಲೆ ಅವುಗಳ ಬೆಲೆ ತಿಳಿಯಿತು. 1866ರಲ್ಲಿ ಮತ್ತೆ ರಾಸುಗಳನ್ನು ಕೂಡಿಸಬೇಕಾಯಿತು. ಯಾವ ಸರ್ಕಾರವೂ ಖರ್ಚು ಉಳಿಸಲು ಕುಳಿತಾಗ ಮೊದಲು ಕತ್ತರಿ ಹಾಕುವುದು ಕಣ್ಣಿಗೆ ಕಾಣದ ಸೇವೆಗೆ ಎಂಬುದಕ್ಕೆ ಇದು ನಮ್ಮೂರಿನದೇ ಉದಾಹರಣೆ.

ಕಾರ್ಖಾನೆಗಳು ಮುಚ್ಚಿದರೂ ಕೈಗಳು ಕಲಿತ ವಿದ್ಯೆ ಉಳಿಯಿತು. ಚರ್ಮದ ಕೆಲಸ, ಕಂಬಳಿ, ಗಾಡಿ ಕಟ್ಟುವ ಬಡಗಿತನ ಹುಣಸೂರಿನ ಸುತ್ತ ಬಹುಕಾಲ ಹೆಸರಾಗಿದ್ದವು. ಇದೂ ಸೈನ್ಯದ ಸೇವೆಯ ಚರಿತ್ರೆಯೇ. ಆದರೆ ಮಾದಿಗರ, ಕುರುಬರ, ಆಚಾರಿಗಳ, ಮುಸ್ಲಿಂ ಕಸುಬುದಾರರ ಮನೆಗಳಲ್ಲಿ 'ನಮ್ಮ ಹಿರಿಯರು ಸೈನ್ಯದ ಸೇವೆಯಲ್ಲಿದ್ದರು' ಎಂಬ ಹೆಮ್ಮೆಯ ಮಾತು ಕೇಳಬರುವುದಿಲ್ಲ. ಕಸುಬು ಮಾಡಿದರು ಎಂದಷ್ಟೇ ಹೇಳುತ್ತಾರೆ.

ಹೈಫಾದ ವೀರರು, ಲೆಕ್ಕಕ್ಕೆ ಸಿಗದ ಲಕ್ಷಾಂತರ ಮಂದಿ

1885ರಿಂದ 1893ರವರೆಗೆ ಭಾರತದ ಸೇನಾಧಿಪತಿಯಾಗಿದ್ದ ರಾಬರ್ಟ್ಸ್, ಕೆಲವು ಜನಾಂಗಗಳು ಮಾತ್ರ ಹುಟ್ಟಿನಿಂದ ಯೋಧರು, ದಕ್ಷಿಣದವರು ಯುದ್ಧಕ್ಕೆ ಯೋಗ್ಯರಲ್ಲ ಎಂಬ ವಾದಕ್ಕೆ ಬಲ ತುಂಬಿದ. ಹೈದರ್, ಟಿಪ್ಪುಗಳನ್ನು ಎದುರಿಸಿ ನಾಲ್ಕು ಯುದ್ಧ ಮಾಡಿದ ಕಂಪನಿಯ ಉತ್ತರಾಧಿಕಾರಿಗಳು ಹೀಗೆ ಹೇಳಿದ್ದು ವಿಚಿತ್ರ. ಮದ್ರಾಸಿನ ಕಾಲಾಳು ಪಡೆಗಳು ಕ್ರಮೇಣ ಕರಗಿದವು. ರಸ್ತೆ, ಸೇತುವೆ, ಸುರಂಗ ಮಾಡುವ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಮಾತ್ರ ಉಳಿಯಿತು. ಕೆಲಸಕ್ಕೆ ಬೇಕಾದವರು, ಕೀರ್ತಿಗೆ ಬೇಡವಾದವರು ಎಂಬಂತಾಯಿತು.

ಮೊದಲ ಮಹಾಯುದ್ಧದಲ್ಲಿ ಮೈಸೂರು ಸಂಸ್ಥಾನದ ಲ್ಯಾನ್ಸರ್ ಅಶ್ವಪಡೆ ಈಜಿಪ್ಟ್, ಪ್ಯಾಲೆಸ್ಟೈನ್‌ಗಳಲ್ಲಿ ಹೋರಾಡಿತು. 1918ರ ಸೆಪ್ಟೆಂಬರ್ 23ರಂದು ಜೋಧ್‌ಪುರದ ಸವಾರರೊಡನೆ ಸೇರಿ ಹೈಫಾ ನಗರವನ್ನು ಗೆದ್ದಿತು. ಬಂದೂಕು, ಮೆಷಿನ್ ಗನ್ನುಗಳ ಎದುರು ಭರ್ಜಿ ಹಿಡಿದು ಕುದುರೆಯ ಮೇಲೆ ನುಗ್ಗಿದ ಆ ಸಾಹಸ ನಿಜಕ್ಕೂ ದೊಡ್ಡದು. ಆ ಪಡೆಯಲ್ಲಿ ಮುಸ್ಲಿಂ ಸವಾರರೂ ಇದ್ದರು, ಎದುರು ನಿಂತದ್ದು ತುರ್ಕಿ ಸೈನ್ಯವಾಗಿದ್ದರೂ ತಮ್ಮ ಕರ್ತವ್ಯ ಮಾಡಿದರು. ಹೈದರಾಬಾದ್, ಜೋಧ್‌ಪುರ, ಮೈಸೂರು ಸವಾರರ ನೆನಪಿಗೆ ದೆಹಲಿಯಲ್ಲಿ 1922ರಲ್ಲಿ ಮೂರು ಪ್ರತಿಮೆಗಳನ್ನು ನಿಲ್ಲಿಸಲಾಯಿತು. 2018ರಲ್ಲಿ ಇಸ್ರೇಲಿನ ಪ್ರಧಾನಿ ಬಂದಾಗ ಆ ವೃತ್ತಕ್ಕೆ 'ತೀನ್ ಮೂರ್ತಿ ಹೈಫಾ ಚೌಕ' ಎಂದು ಹೆಸರಿಡಲಾಯಿತು. ನೂರು ವರ್ಷದ ಹಿಂದಿನ ಕದನ ಇಂದಿನ ವಿದೇಶಾಂಗ ನೀತಿಗೂ ಉಪಯೋಗಕ್ಕೆ ಬಂತು.

ಅದೇ ಮೈಸೂರು ಸಂಸ್ಥಾನಕ್ಕೆ ಒಂದು ಸಾರಿಗೆ ದಳವೂ ಇತ್ತು. ಅದಕ್ಕೆ ಯಾವ ವೃತ್ತದಲ್ಲೂ ಮೂರ್ತಿಯಿಲ್ಲ. ಇಡೀ ಭಾರತದ ಲೆಕ್ಕ ನೋಡಿದರೆ ಈ ಅಂತರ ಇನ್ನೂ ಸ್ಪಷ್ಟವಾಗುತ್ತದೆ. 1919ರ ಕೊನೆಯವರೆಗೆ ಆ ಯುದ್ಧಕ್ಕೆ ಭಾರತದಿಂದ ಸೇರಿದವರು 14,40,437. ಇವರಲ್ಲಿ ಕಾದಾಡುವವರೆಂದು ಸೇರಿದವರು 8,77,068, ಇತರ ಸೇವೆಗೆ ಸೇರಿದವರು 5,63,369. ಎಂದರೆ ಐವರಲ್ಲಿ ಇಬ್ಬರು ಬಂದೂಕು ಹಿಡಿಯದವರು: ಭಿಸ್ತಿಗಳು, ಸಾಯೀಸರು, ಹೇಸರಗತ್ತೆ ನಡೆಸುವವರು, ಡೋಲಿ ಹೊರುವವರು, ಅಡುಗೆಯವರು, ದೋಬಿಗಳು, ಜಾಡಮಾಲಿಗಳು, ಹಡಗು ಕಟ್ಟೆಯ ಕೂಲಿಗಳು. ಗುಂಡು ಇವರನ್ನು ನೋಡಿ ಪಕ್ಕಕ್ಕೆ ಸರಿಯಲಿಲ್ಲ. ಮೆಸೊಪೊಟೇಮಿಯಾದ ಬಿಸಿಲು, ಕಾಲರಾ ಇವರಿಗೆ ರಿಯಾಯಿತಿ ಕೊಡಲಿಲ್ಲ.

ಸತ್ತ ಮೇಲೂ ಭೇದ ಹೋಗಲಿಲ್ಲ. ಬಸ್ರಾದ ಸ್ಮಾರಕದಲ್ಲಿ ಬ್ರಿಟಿಷರ ಹಾಗೂ ಭಾರತೀಯ ಅಧಿಕಾರಿಗಳ ಹೆಸರುಗಳನ್ನು ಕೆತ್ತಿ, ಉಳಿದ ಭಾರತೀಯರನ್ನು ಸಂಖ್ಯೆಯಲ್ಲಿ ಸೂಚಿಸಲಾಯಿತು. ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗ 2021ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಏಷ್ಯಾ ಮತ್ತು ಆಫ್ರಿಕಾದ 45,000ದಿಂದ 54,000 ಮಂದಿಯನ್ನು ಅಸಮಾನವಾಗಿ ಸ್ಮರಿಸಲಾಗಿದೆ ಎಂದೂ, ಕನಿಷ್ಠ 1,16,000 ಮಂದಿಗೆ ಹೆಸರಿನ ಸ್ಮಾರಕವೇ ಇಲ್ಲವೆಂದೂ ಒಪ್ಪಿಕೊಂಡು ಕ್ಷಮೆ ಕೇಳಿತು. ಹೀಗೆ ಬಿಟ್ಟುಹೋದವರಲ್ಲಿ ಆಫ್ರಿಕಾದ ಹೊರೆಯಾಳುಗಳ ಸಂಖ್ಯೆ ಬಹಳ ದೊಡ್ಡದು. ಕ್ಷಮೆ ಬರಲು ನೂರು ವರ್ಷ ಬೇಕಾಯಿತು.

ರಾಜಕೀಯ ಹಕ್ಕಿನ ಪ್ರಶ್ನೆಯೂ ಇದೇ ದಾರಿ ಹಿಡಿಯಿತು. ಬ್ರಿಟಿಷ್ ಭಾರತದಲ್ಲಿ 1919 ಮತ್ತು 1935ರ ಸುಧಾರಣೆಗಳ ಅಡಿಯಲ್ಲಿ ಆಸ್ತಿಯಿಲ್ಲದ ಬಡವನಿಗೆ ಮತವಿರಲಿಲ್ಲ. ಆದರೆ ನಿವೃತ್ತ ಸೈನಿಕನಿಗೆ ಸೈನಿಕನೆಂಬ ಕಾರಣಕ್ಕೇ ಮತದಾನದ ಹಕ್ಕು ಬಂತು. ಪಂಜಾಬಿನಂತಹ ಸೈನ್ಯ ಭರ್ತಿಯ ಪ್ರಾಂತ್ಯದಲ್ಲಿ ಇದು ರಾಜಕೀಯದ ತೂಕವನ್ನೇ ಬದಲಿಸಿತು.

ಸ್ಟ್ರೆಚರ್ ಹೊತ್ತವರ ರಾಜಕೀಯ

ಕಾದಾಡದೆ ಸೇವೆ ಮಾಡಿ ಅದರ ಮೇಲೆ ರಾಜಕೀಯ ಹಕ್ಕು ಕೇಳಿದವರ ಪೈಕಿ ಪ್ರಸಿದ್ಧರು ಗಾಂಧೀಜಿ. 1899ರಲ್ಲಿ ಬೋಯರ್ ಯುದ್ಧ ಆರಂಭವಾದಾಗ ದಕ್ಷಿಣ ಆಫ್ರಿಕಾದ ನಟಾಲಿನಲ್ಲಿ ಸುಮಾರು 1,100 ಭಾರತೀಯರ ಆಂಬ್ಯುಲೆನ್ಸ್ ದಳ ಕಟ್ಟಿದರು. ಅವರಲ್ಲಿ ಹೆಚ್ಚಿನವರು ಕರಾರಿನ ಕೂಲಿಗಳು. ಗಾಯಾಳುಗಳನ್ನು ಹೊತ್ತು ದಿನಕ್ಕೆ ಇಪ್ಪತ್ತು ಮೈಲಿಗೂ ಹೆಚ್ಚು ನಡೆದರು. ಪ್ರಜೆಯ ಹಕ್ಕು ಬೇಕಾದರೆ ಪ್ರಜೆಯ ಕರ್ತವ್ಯವನ್ನೂ ಮಾಡಬೇಕು ಎಂಬುದು ಅವರ ವಾದ. ಪದಕಗಳು ಬಂದವು, ಅದೂ ದಳದ ಮುಖಂಡರಿಗೆ. ಹಕ್ಕು ಬರಲಿಲ್ಲ. 1906ರಲ್ಲಿ ಜುಲು ದಂಗೆಯ ಸಮಯದಲ್ಲಿ ಮತ್ತೆ ಸ್ಟ್ರೆಚರ್ ಹೊತ್ತರು. ಅದೇ ವರ್ಷ ಟ್ರಾನ್ಸ್‌ವಾಲ್ ಸರ್ಕಾರ ಏಷ್ಯನ್ನರೆಲ್ಲ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ಕಾನೂನು ತಂದಿತು. ಸತ್ಯಾಗ್ರಹ ಹುಟ್ಟಿದ್ದು ಅಲ್ಲಿ. ಯುದ್ಧಸೇವೆಯ ಪದಕಗಳನ್ನು ಅವರು 1920ರಲ್ಲಿ ಹಿಂದಿರುಗಿಸಿದರು.

ಎರಡನೆಯ ಉದಾಹರಣೆ ಡಾ. ಮುಖ್ತಾರ್ ಅಹ್ಮದ್ ಅನ್ಸಾರಿ. ಬಾಲ್ಕನ್ ಯುದ್ಧದಲ್ಲಿ ಗಾಯಗೊಂಡ ತುರ್ಕಿ ಸೈನಿಕರ ಶುಶ್ರೂಷೆಗೆ 1912ರ ಡಿಸೆಂಬರ್‌ನಲ್ಲಿ ಅವರ ನೇತೃತ್ವದಲ್ಲಿ ಭಾರತದಿಂದ ವೈದ್ಯಕೀಯ ತಂಡವೊಂದು ಹೊರಟಿತು. ಜನರು ಚಂದಾ ಎತ್ತಿ ಕಳಿಸಿದ ತಂಡವದು. ಅದರಲ್ಲಿ ವೈದ್ಯರಿದ್ದರು, ಓದು ಬಿಟ್ಟು ಬಂದ ವಿದ್ಯಾರ್ಥಿಗಳಿದ್ದರು. ಒಂದು ಗುಂಡೂ ಹಾರಿಸದೆ ಹಿಂದಿರುಗಿದ ಡಾ. ಅನ್ಸಾರಿ ದೇಶದ ದೊಡ್ಡ ನಾಯಕರಾಗಿ ಬೆಳೆದರು, 1927ರ ಮದ್ರಾಸ್ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದರು, ಜಾಮಿಯಾ ಮಿಲ್ಲಿಯಾ ವಿಶ್ವವಿದ್ಯಾಲಯವನ್ನು ಕಟ್ಟಿದವರಲ್ಲಿ ಒಬ್ಬರಾದರು. ಶುಶ್ರೂಷೆಯ ಕೈಗೂ ಜನ ನಾಯಕತ್ವ ಕೊಡಬಲ್ಲರು ಎಂಬುದಕ್ಕೆ ಇದು ಸಾಕ್ಷಿ.

ಮೂರನೆಯದು ಡಾ. ಬಿ.ಆರ್. ಅಂಬೇಡ್ಕರ್ ಅವರ ಮನೆತನ. ಅವರ ತಂದೆ ರಾಮ್‌ಜಿ ಸಕ್ಪಾಲ್ ಸುಬೇದಾರರು, ಸೈನ್ಯದ ಶಾಲೆಯಲ್ಲಿ ಮೇಷ್ಟರಾಗಿದ್ದವರು. ಆ ಶಾಲೆಯ ವಿದ್ಯೆ ಮನೆಯೊಳಗೆ ಬಂದದ್ದರಿಂದಲೇ ಭೀಮರಾಯರ ಓದಿಗೆ ಅಡಿಪಾಯ ಬಿತ್ತು. ಯೋಧ ಜನಾಂಗವಲ್ಲವೆಂದು ಮಹಾರರ ಭರ್ತಿ ನಿಂತಾಗ ಆ ಸಮುದಾಯ ಕಳೆದುಕೊಂಡದ್ದು ಸಂಬಳವನ್ನಷ್ಟೇ ಅಲ್ಲ, ಶಾಲೆ, ಪಿಂಚಣಿ, ಮರ್ಯಾದೆಗಳನ್ನೂ. ಅವರು ಮನವಿಯ ಮೇಲೆ ಮನವಿ ಸಲ್ಲಿಸಿದರು. 1941ರಲ್ಲಿ ಮಹಾರ್ ರೆಜಿಮೆಂಟ್ ಸ್ಥಾಪನೆಯಾಯಿತು. ಬಂದೂಕು ಹಿಡಿಯುವ ಹಕ್ಕಿನ ಹಿಂದೆ ಸಮಾನ ಪ್ರಜೆಯಾಗುವ ಹಕ್ಕು ಅಡಗಿದೆ ಎಂಬುದನ್ನು ಅವರು ಅರಿತಿದ್ದರು.

ಸ್ವತಂತ್ರ ಭಾರತದಲ್ಲಿ

ಕಾನೂನಿನ ಮಟ್ಟಿಗೆ ನಮ್ಮ ಗಣರಾಜ್ಯ ಈ ಭೇದವನ್ನು ಬಹುಮಟ್ಟಿಗೆ ತೊಡೆದಿದೆ. ಮಾಜಿ ಸೈನಿಕರಿಗೆ ಕೇಂದ್ರ ಸರ್ಕಾರದ ಹುದ್ದೆಗಳಲ್ಲಿ ಅವಕಾಶ ಕೊಡುವ 1979ರ ನಿಯಮಗಳು, ಭೂ, ನೌಕಾ, ವಾಯು ಸೇನೆಗಳಲ್ಲಿ ಕಾದಾಡುವವನಾಗಿಯೋ ಇತರನಾಗಿಯೋ ಯಾವುದೇ ದರ್ಜೆಯಲ್ಲಿ ಸೇವೆ ಸಲ್ಲಿಸಿದವನನ್ನು ಮಾಜಿ ಸೈನಿಕನೆಂದು ಪರಿಗಣಿಸುತ್ತವೆ. ಹಾಗಿದ್ದರೂ ಗೆರೆಯೊಂದು ಎಲ್ಲೋ ಉಳಿಯಿತು. 1960ರಲ್ಲಿ ಹುಟ್ಟಿದ ಗಡಿ ರಸ್ತೆಗಳ ಸಂಸ್ಥೆಗಾಗಿ ಹಿಮಾಲಯದಲ್ಲಿ ರಸ್ತೆ ಕಡಿದ ಗ್ರೆಫ್ ಪಡೆಯವರನ್ನು ಅದೇ ನಿಯಮ ಹೊರಗಿಟ್ಟಿತು.

ಮತಪೆಟ್ಟಿಗೆಯ ಲೆಕ್ಕವೂ ಸರಳವಲ್ಲ. ನಮ್ಮ ನೆರೆಯ ಕೊಡಗಿನ ಮಗ, 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರಾದ ಕಾರ್ಯಪ್ಪನವರು 1971ರ ಲೋಕಸಭಾ ಚುನಾವಣೆಯಲ್ಲಿ ಮುಂಬಯಿಯಿಂದ ನಿಂತು ಸೋತರು. 1971ರ ಯುದ್ಧದಲ್ಲಿ ಸೇವೆ ಸಲ್ಲಿಸಿ, ಮುಂದೆ ಅಗ್ಗದ ವಿಮಾನಯಾನಕ್ಕೆ ಹೆಸರಾದ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2009ರಲ್ಲಿ ಬೆಂಗಳೂರು ದಕ್ಷಿಣದಿಂದ ನಿಂತು ಸೋತರು. ಜನ ಸೈನಿಕನಿಗೆ ಸಲಾಮು ಹೊಡೆಯುತ್ತಾರೆ, ಮತವನ್ನು ಬೇರೆ ಲೆಕ್ಕದಲ್ಲಿ ಹಾಕುತ್ತಾರೆ. ಅಮೆರಿಕದಲ್ಲಿಯೂ ಹಾಗೆಯೇ. 2004ರ ಅಧ್ಯಕ್ಷ ಚುನಾವಣೆಯಲ್ಲಿ ವಿಯೆಟ್ನಾಂನಲ್ಲಿ ಕಾದಾಡಿ ಪದಕ ಪಡೆದ ಜಾನ್ ಕೆರಿ ಸೋತರು, ಆ ಯುದ್ಧಕಾಲದಲ್ಲಿ ಸ್ವದೇಶದಲ್ಲೇ ನ್ಯಾಷನಲ್ ಗಾರ್ಡ್ ಸೇವೆಯಲ್ಲಿದ್ದ ಜಾರ್ಜ್ ಬುಷ್ ಗೆದ್ದರು. ಯುದ್ಧದ ಸೇವೆಗೆ ತನ್ನಷ್ಟಕ್ಕೆ ಬೆಲೆಯಿಲ್ಲ, ರಾಜಕೀಯಕ್ಕೆ ಅದು ಬೇಕಾದಾಗ ಮಾತ್ರ ಅದಕ್ಕೆ ಬೆಲೆ ಏರುತ್ತದೆ.

ಇದಕ್ಕೆ ಇನ್ನೂ ಹತ್ತಿರದ ಸಾಕ್ಷಿ ಪಿರಿಯಾಪಟ್ಟಣ ತಾಲ್ಲೂಕಿನಲ್ಲೇ ಇದೆ. ಬೈಲಕುಪ್ಪೆಯಲ್ಲಿ ಟಿಬೆಟನ್ ನಿರಾಶ್ರಿತರು 1961ರಲ್ಲಿ ನೆಲೆ ನಿಂತರು. ದೇಶದ ಇಂತಹ ವಸತಿಗಳ ಯುವಕರನ್ನು ಸೇರಿಸಿಕೊಂಡು 1962ರಲ್ಲಿ ಕಟ್ಟಿದ ವಿಶೇಷ ಗಡಿ ಪಡೆ 1971ರಲ್ಲಿ ಚಿತ್ತಗಾಂಗ್ ಬೆಟ್ಟಗಳಲ್ಲಿ ಹೋರಾಡಿತು. ಗುಪ್ತ ಪಡೆಯಾದ್ದರಿಂದ ಅವರ ಹೋರಾಟ ದಶಕಗಳ ಕಾಲ ಬಹಿರಂಗವಾಗಿ ಮಾತಿಗೆ ಬರಲಿಲ್ಲ. 2020ರಲ್ಲಿ ಲಡಾಖಿನ ಗಡಿಯಲ್ಲಿ ಚೀನಾದೊಂದಿಗೆ ಬಿಕ್ಕಟ್ಟು ಎದ್ದು ಆ ಪಡೆಯ ಯೋಧನೊಬ್ಬ ಮಡಿದಾಗ ಅಂತ್ಯಸಂಸ್ಕಾರ ದೇಶದ ಸುದ್ದಿಯಾಯಿತು. ಕಾದಾಡಿದವನನ್ನು ಮರೆಸುವುದಕ್ಕೂ ನೆನಪಿಸುವುದಕ್ಕೂ ಕಾರಣ ರಾಜಕೀಯವೇ.

ಮಹಿಳೆಯರ ವಿಷಯದಲ್ಲಿ ಸುಪ್ರೀಂ ಕೋರ್ಟ್ 2020ರ ಫೆಬ್ರವರಿ 17ರಂದು ಕೊಟ್ಟ ತೀರ್ಪು ಮುಖ್ಯವಾದುದು. ಸೈನ್ಯದ ಸಿಗ್ನಲ್, ಸಾಮಗ್ರಿ, ಎಂಜಿನಿಯರಿಂಗ್ ಮುಂತಾದ ವಿಭಾಗಗಳ ಮಹಿಳಾ ಅಧಿಕಾರಿಗಳಿಗೆ ಪುರುಷರಂತೆಯೇ ಕಾಯಂ ಹುದ್ದೆಯ ಅವಕಾಶ ಕೊಡಬೇಕೆಂದು ನ್ಯಾಯಾಲಯ ಹೇಳಿತು. ನೇರ ಕಾದಾಟದ ವಿಭಾಗಗಳು ಆ ತೀರ್ಪಿನ ವ್ಯಾಪ್ತಿಗೆ ಬರಲಿಲ್ಲ. ಆದರೂ ಗುಂಡು ಹಾರಿಸದವರ ಸೇವೆಯೂ ಪೂರ್ಣ ಸೇವೆ ಎಂಬ ಮಾತಿಗೆ ನ್ಯಾಯಾಲಯದ ಮುದ್ರೆ ಬಿದ್ದಿತು.

ನಿಷ್ಠೆಯ ಲೆಕ್ಕಪುಸ್ತಕ

ಈಗ ನಮ್ಮ ಮನೆಯ ವಿಷಯಕ್ಕೆ ಬರೋಣ. ದೇಶಕ್ಕೆ ನಿಮ್ಮವರು ಏನು ಕೊಟ್ಟಿದ್ದಾರೆ ಎಂದು ಯಾರಾದರೂ ಕೇಳಿದರೆ ನಾವು ತಕ್ಷಣ ಎರಡು ಹೆಸರು ಹೇಳುತ್ತೇವೆ. ಒಂದು, 1948ರ ಜುಲೈ 3ರಂದು ಕಾಶ್ಮೀರದ ಝಂಗಡದಲ್ಲಿ ಹುತಾತ್ಮರಾದ ಬ್ರಿಗೇಡಿಯರ್ ಮಹಮ್ಮದ್ ಉಸ್ಮಾನ್. ಇನ್ನೊಂದು, 1965ರ ಸೆಪ್ಟೆಂಬರ್‌ನಲ್ಲಿ ಖೇಮ್‌ಕರಣ್ ಕ್ಷೇತ್ರದಲ್ಲಿ ಶತ್ರುವಿನ ಟ್ಯಾಂಕುಗಳನ್ನು ಒಡೆದು ಪ್ರಾಣ ಕೊಟ್ಟು ಪರಮವೀರ ಚಕ್ರ ಪಡೆದ ಅಬ್ದುಲ್ ಹಮೀದ್. ಈ ಇಬ್ಬರೂ ದೇಶದ ಹೆಮ್ಮೆ, ಇದರಲ್ಲಿ ಎರಡು ಮಾತಿಲ್ಲ.

ಆದರೆ ಹಮೀದರ ದರ್ಜೆ ಏನಾಗಿತ್ತೆಂದು ಗಮನಿಸಿದ್ದೇವೆಯೇ? ಅವರು ಕಂಪನಿ ಕ್ವಾರ್ಟರ್‌ಮಾಸ್ಟರ್ ಹವಿಲ್ದಾರ್. ಕಂಪನಿಯ ಸಾಮಾನು, ಸರಂಜಾಮು, ಪಡಿತರಗಳ ಲೆಕ್ಕ ಆ ಹುದ್ದೆಯದು. ಸಮಯ ಬಂದಾಗ ಅದೇ ಹುದ್ದೆಯ ಮನುಷ್ಯ ಜೀಪಿನ ಮೇಲಿನ ತೋಪನ್ನು ಹಿಡಿದ. ಪಡಿತರ ಹಂಚುವವನು, ಪ್ರಾಣ ಕೊಡುವವನು ಬೇರೆ ಬೇರೆ ಜಾತಿಯ ಮನುಷ್ಯರಲ್ಲ ಎಂಬುದನ್ನು ಆ ಒಂದು ಜೀವನ ಹೇಳುತ್ತದೆ. ಹಾಗೆಯೇ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಸಮವಸ್ತ್ರ ತೊಟ್ಟವರಲ್ಲ. ರಕ್ಷಣಾ ಸಂಶೋಧನೆಯ ಪ್ರಯೋಗಾಲಯದಲ್ಲಿ ಕುಳಿತು ಕ್ಷಿಪಣಿ ಕಟ್ಟಿದವರು. 2002ರಿಂದ 2007ರವರೆಗೆ ರಾಷ್ಟ್ರಪತಿಯಾಗಿ ಮೂರೂ ಸೇನೆಗಳ ಮಹಾದಂಡನಾಯಕರಾದರು.

ಒಂದು ಸಮುದಾಯದ ನಿಷ್ಠೆಯನ್ನು ಹುತಾತ್ಮರ ಎಣಿಕೆಯಿಂದ ಅಳೆಯುವುದು ಅನ್ಯಾಯ. ಆ ಅಳತೆಗೋಲನ್ನು ನಾವೇ ಒಪ್ಪಿಕೊಂಡು ಎರಡು ಹೆಸರಿನ ಉತ್ತರ ಕೊಡುವುದು ಅದಕ್ಕಿಂತ ದೊಡ್ಡ ನಷ್ಟ. ಏಕೆಂದರೆ ಆಗ ಮಿಲಿಟರಿ ಲಾರಿ ಓಡಿಸಿದವನು, ಸೇನಾ ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮಾಡಿದ ದಾದಿ, ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿಮಾನದ ರೆಕ್ಕೆಗೆ ರಿವೆಟ್ ಹೊಡೆದ ಫಿಟ್ಟರ್, ಸೈನ್ಯದ ಮೆಸ್ಸಿನ ಅಡುಗೆಯವನು, ಗಡಿ ರಸ್ತೆಯ ಕೂಲಿ ಎಲ್ಲರೂ ಲೆಕ್ಕದಿಂದ 'ಇಲ್ಲ'ವಾಗುತ್ತಾರೆ. ಟಿಪ್ಪುವಿನ ವಿಷಯದಲ್ಲಿ ಆದದ್ದೂ ಇದೇ. ರಾಜ್ಯ ಸರ್ಕಾರ 2015ರಲ್ಲಿ ಜಯಂತಿ ಆರಂಭಿಸಿತು, 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ಎರಡು ಕಡೆಯವರೂ ಜಗಳವಾಡಿದ್ದು ಕತ್ತಿಯ ಸುತ್ತ. ಕತ್ತಿಯ ಜಗಳದಲ್ಲಿ ಕಾವಲು, ಕೆರೆ, ರೇಷ್ಮೆ, ರಾಸುಗಳ ಟಿಪ್ಪು ಮರೆಯಾದ. ಜಾತಿ ಧರ್ಮಗಳ ಭೇದವಿಲ್ಲದೆ ಈ ನಾಡಿನ ದನಗಾಹಿಗಳು, ಬಡಗಿಗಳು, ಚಮ್ಮಾರರು, ಲಂಬಾಣಿಗಳು ಪಾಲುಗೊಂಡ ಚರಿತ್ರೆ ಅದು. ಅದನ್ನು ಮುಂದಿಟ್ಟಿದ್ದರೆ ನಮ್ಮೂರಿನ ಪ್ರತಿಯೊಂದು ಬೀದಿಗೂ ಆ ಚರಿತ್ರೆಯಲ್ಲಿ ಜಾಗವಿರುತ್ತಿತ್ತು.

ವಿದ್ಯಾರ್ಥಿಗಳಿಗೆ ಒಂದು ಮನವಿ

ಹಾರನಹಳ್ಳಿ ಹೋಬಳಿಯಿಂದ ಹಿಡಿದು ಹೆಗ್ಗಡದೇವನಕೋಟೆಯ ಗಡಿಯವರೆಗೆ ನಮ್ಮ ವಿದ್ಯಾರ್ಥಿಗಳು ಹಂಚಿಹೋಗಿದ್ದಾರೆ. ನಿಮ್ಮ ಊರಿನಲ್ಲಿ ಸೈನ್ಯದ ಯಾವುದೇ ಕೆಲಸದಲ್ಲಿದ್ದು ಬಂದ ಹಿರಿಯರಿದ್ದರೆ ಹೋಗಿ ಮಾತನಾಡಿಸಿ. ಅವರ ಬಿಡುಗಡೆ ಪತ್ರ, ಪಿಂಚಣಿ ಪುಸ್ತಕ, ಹಳೆಯ ಭಾವಚಿತ್ರ, ಪದಕ ನೋಡಿ ಬರೆದಿಟ್ಟುಕೊಳ್ಳಿ. ಯಾವ ರೆಜಿಮೆಂಟ್ ಎಂದು ಕೇಳಿದಂತೆಯೇ ಯಾವ ಕೆಲಸ ಎಂದೂ ಕೇಳಿ. 'ನಾನೇನು ಯುದ್ಧ ಮಾಡಿದವನಲ್ಲ, ಬರೀ ಡ್ರೈವರ್' ಎಂದು ಅವರು ಸಂಕೋಚಪಟ್ಟರೆ ಅಲ್ಲಿಗೆ ನಿಲ್ಲಿಸಬೇಡಿ, ಎಲ್ಲಿಂದ ಎಲ್ಲಿಗೆ ಓಡಿಸಿದಿರಿ, ಏನು ಸಾಗಿಸಿದಿರಿ ಎಂದು ಮುಂದೆ ಕೇಳಿ. ಚರ್ಮದ ಕೆಲಸ, ಗಾಡಿ ಕೆಲಸ, ಕಂಬಳಿ ನೇಯ್ಗೆಯ ಮನೆತನಗಳಲ್ಲಿ ಕಮಿಸೆರಿಯೆಟ್ ಕಾಲದ ಮಾತೇನಾದರೂ ಉಳಿದಿದೆಯೇ ವಿಚಾರಿಸಿ. ಒಂದು ನೋಟ್‌ಬುಕ್ ಸಾಕು.

ಮುಂದೆ ಸೇನೆಗೆ ಸೇರಬೇಕೆನ್ನುವ ಮಕ್ಕಳೂ ಒಂದು ವಿಷಯ ತಿಳಿದಿರಬೇಕು. ಸೈನ್ಯದಲ್ಲಿ ವೈದ್ಯರು, ದಾದಿಯರು, ಎಂಜಿನಿಯರರು, ಶಿಕ್ಷಕರು, ಪಶುವೈದ್ಯರು, ಗುಮಾಸ್ತರು, ತಂತ್ರಜ್ಞರು ಎಲ್ಲರಿಗೂ ಸ್ಥಾನವಿದೆ. ಆ ಸ್ಥಾನಗಳಿಗೆ ದಾರಿ ಹಾದುಹೋಗುವುದು ಶಾಲೆ ಕಾಲೇಜುಗಳ ಮೂಲಕ. ಅವು ಕಡಿಮೆ ಧೈರ್ಯದ ಕೆಲಸಗಳೆಂದು ಯಾರಾದರೂ ಹೇಳಿದರೆ, 1791ರಲ್ಲಿ ಪಿರಿಯಾಪಟ್ಟಣದಲ್ಲಿ ಬಿಟ್ಟುಹೋದ ಫಿರಂಗಿಗಳ ಕಥೆಯನ್ನು ಅವರಿಗೆ ಹೇಳಿ.